‘ಯಜಮಾನ ಯಾರು ಅಂತ ತೋರಿಸು’: ಒಂದು ತಪ್ಪು ಪಾಠದ ಇತಿಹಾಸ

ಭಾಗ 1/10: ಊರೆಲ್ಲಾ ಗುರುಗಳೇ

ನಾಯಿ ಸಾಕಿದೋರಿಗೆ ಊರೆಲ್ಲಾ ಗುರುಗಳೇ. ಪಕ್ಕದ್ಮನೆ ಅಂಕಲ್ಲು, ಪಾರ್ಕಲ್ಲಿ ವಾಕಿಂಗ್ ಬರೋರು, ರೀಲ್ಸ್‌ನಲ್ಲಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ದೊಡ್ಡ ನಾಯಿ ಪಕ್ಕ ನಿಂತಿರೋ ಅಣ್ಣ, ಎಲ್ಲರೂ ಹೇಳೋದು ಒಂದೇ ಮಾತು: “ಮೊದಲ ದಿನಾನೇ ಯಜಮಾನ ಯಾರು ಅಂತ ತೋರಿಸ್ಬಿಡು. ಇಲ್ದಿದ್ರೆ ಅದೇ ನಿನ್ನ ತಲೆ ಮೇಲೆ ಕೂರುತ್ತೆ.”

ಇದರ ಹಿಂದೆ ಒಂದು ಪಟ್ಟಿನೂ ಬರುತ್ತೆ. ನಾಯಿಗಿಂತ ಮೊದಲು ನೀನು ಊಟ ಮಾಡು. ಬಾಗಿಲು ದಾಟುವಾಗ ನೀನೇ ಮುಂದಿರು. ಸೋಫಾ ಹತ್ತೋಕೆ ಬಿಡಬೇಡ. ಗುರ್ ಅಂದ್ರೆ ಅಂಗಾತ ಕೆಡವಿ, ಅದು ಸುಮ್ಮನಾಗೋವರೆಗೂ ಒತ್ತಿ ಹಿಡಿ. ಯಾಕೆ ಅಂತ ಕೇಳಿದ್ರೆ ಉತ್ತರ ರೆಡಿ ಇರುತ್ತೆ: ನಾಯಿ ತೋಳದ ಸಂತತಿ, ತೋಳದ ಗುಂಪಲ್ಲಿ ಒಬ್ಬ ‘ಆಲ್ಫಾ’ ಇರ್ತಾನೆ, ಮನೇಲಿ ಆ ಆಲ್ಫಾ ನೀನೇ ಆಗ್ಬೇಕು.

ಕೇಳೋಕೆ ವಿಜ್ಞಾನದ ಥರಾನೇ ಇದೆ. ಆದ್ರೆ ನಾವು ಹಿಸ್ಟರಿ ಓದೋರು. ಶಾಸನ ಆಗ್ಲಿ, ಐತಿಹ್ಯ ಆಗ್ಲಿ, ಮೂರು ಪ್ರಶ್ನೆ ಕೇಳ್ದೆ ಬಿಡಬಾರದು ಅಂತ ಕಲಿತಿದ್ದೀವಿ. ಇದನ್ನ ಮೊದಲು ಹೇಳಿದ್ದು ಯಾರು? ಯಾವಾಗ? ಯಾವ ಆಧಾರದ ಮೇಲೆ?

ಈ ಸರಣಿಯಲ್ಲಿ ‘ಆಲ್ಫಾ’ ಪಾಠಕ್ಕೆ ಅದೇ ಮೂರು ಪ್ರಶ್ನೆ ಕೇಳೋಣ. ಉತ್ತರ ಹುಡುಕ್ತಾ ಹೋದ್ರೆ ಸ್ವಿಟ್ಜರ್ಲೆಂಡಿನ ಒಂದು ಮೃಗಾಲಯ, ಜರ್ಮನಿಯ ಪೊಲೀಸ್ ಇಲಾಖೆ, ಅಮೆರಿಕದ ಒಂದು ಸನ್ಯಾಸಿ ಮಠ, ಉತ್ತರ ಧ್ರುವದ ಹತ್ತಿರದ ಒಂದು ದ್ವೀಪ ಸಿಗುತ್ತವೆ. ಕೊನೆಗೆ ತಾನು ಹರಡಿದ ಮಾತನ್ನ ತಾನೇ ವಾಪಸ್ ತಗೊಂಡ ಒಬ್ಬ ವಿಜ್ಞಾನಿಯೂ ಸಿಗ್ತಾರೆ.

ಇದು ಬರೀ ಕಥೆ ಅಲ್ಲ. ಈ ಪಾಠ ತಪ್ಪಾಗಿದ್ರೆ ಅದರ ಬೆಲೆ ತೆರೋದು ಮಾತಾಡೋಕೆ ಬಾರದ ನಾಯಿ. ಅದು ಹೆದರಿ ಕಚ್ಚಿದ್ರೆ, ಮನೇಲಿರೋ ಚಿಕ್ಕ ಮಗು.

ಭಾಗ 2/10: ಆಲ್ಫಾಗಿಂತ ಹಳೇ ನಂಟು

ಮನುಷ್ಯ–ನಾಯಿ ಸಂಬಂಧದ ಹಳೇ ಆಧಾರಗಳಲ್ಲಿ ಒಂದು ಜರ್ಮನಿಯ ಬಾನ್ ನಗರದ ಹತ್ತಿರ, ಓಬರ್‌ಕ್ಯಾಸೆಲ್ ಅನ್ನೋ ಜಾಗದಲ್ಲಿ ಸಿಕ್ತು. 1914ರಲ್ಲಿ ಕಲ್ಲುಗಣಿ ಕೆಲಸದವರಿಗೆ ಅಲ್ಲಿ ಒಂದು ಸಮಾಧಿ ಕಾಣಿಸ್ತು. ಸುಮಾರು 14,000 ವರ್ಷ ಹಳೇದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ.

2018ರಲ್ಲಿ ಆ ಮರಿಯ ಹಲ್ಲುಗಳನ್ನ ಸಂಶೋಧಕರು ಮತ್ತೆ ಪರೀಕ್ಷೆ ಮಾಡಿದ್ರು. ಸಾಯುವಾಗ ಅದಕ್ಕೆ ಸುಮಾರು ಏಳು ತಿಂಗಳು. ಅದಕ್ಕೂ ಮುಂಚೆ ಡಿಸ್ಟೆಂಪರ್ ಅನ್ನೋ ಕಾಯಿಲೆ ಬಂದಿದ್ದರ ಗುರುತು ಹಲ್ಲಿನ ಮೇಲಿತ್ತು. ಇವತ್ತಿಗೂ ಲಸಿಕೆ ಹಾಕಿಸದ ಮರಿಗಳನ್ನ ಕೊಲ್ಲೋ ಕಾಯಿಲೆ ಅದೇ. ಅಷ್ಟು ಕಾಯಿಲೆ ಬಿದ್ದ ಮರಿ ಯಾರೂ ನೀರು, ಆಹಾರ, ಬೆಚ್ಚನೆ ಜಾಗ ಕೊಡದೆ ಅಷ್ಟು ವಾರ ಬದುಕಿರೋದು ಕಷ್ಟ ಅಂತ ಸಂಶೋಧಕರು ವಾದಿಸಿದ್ರು. ಕಾಯಿಲೆ ಮರಿಯಿಂದ ಬೇಟೆಗೆ ಏನೂ ಪ್ರಯೋಜನ ಇಲ್ಲ. ಆದ್ರೂ ಯಾರೋ ಆರೈಕೆ ಮಾಡಿದ್ದಾರೆ.

ಈಗ ನಮ್ಮೂರಿಗೆ ಬನ್ನಿ. ಮಂಡ್ಯ ಜಿಲ್ಲೆ ಆತಕೂರಿನ ಶಾಸನ, ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧ ಮುಗಿದಿದೆ. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೆರನಿಗೆ ‘ಮೆಚ್ಚಿದೆ, ಏನು ಬೇಕೋ ಕೇಳು’ ಅಂತಾನೆ. ಮಣಲೆರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆಮೇಲೆ ಆ ಕಾಳಿ ಬೆಳತೂರಿನ ಹತ್ತಿರ ದೊಡ್ಡದೊಂದು ಕಾಡುಹಂದಿ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದಾನ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಕಟ್ಟಳೆ ಮಾಡಿದ್ರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೋಡಿಲ್ಲ ಅಂದ್ರೆ ಒಂದು ಭಾನುವಾರ ಹೋಗಿ ಬನ್ನಿ.

ಈ ಎರಡು ಆಧಾರದಲ್ಲೂ ನಾಯಿ ಕುಟುಂಬದ, ಪರಿವಾರದ ಒಂದು ಜೀವ. ಪಟ್ಟಕ್ಕೆ ಪೈಪೋಟಿ ಕೊಡೋ ಪ್ರತಿಸ್ಪರ್ಧಿ ಅಲ್ಲ. ಹಾಗಾದ್ರೆ ಆ ಕಲ್ಪನೆ ಬಂದಿದ್ದು ಎಲ್ಲಿಂದ?

ಭಾಗ 3/10: ಪೆರೇಡ್ ಮೈದಾನದಿಂದ ಮನೆ ಅಂಗಳಕ್ಕೆ

ಇಪ್ಪತ್ತನೇ ಶತಮಾನದ ಶುರು. ಜರ್ಮನಿಯಲ್ಲಿ ಪೊಲೀಸರು ನಾಯಿಗಳನ್ನ ಕೆಲಸಕ್ಕೆ ತಗೊಳ್ಳೋಕೆ ಆರಂಭಿಸಿದ್ರು. ಕೊನ್ರಾಡ್ ಮೋಸ್ಟ್ ಅನ್ನೋ ಪೊಲೀಸ್ ಅಧಿಕಾರಿ 1906ರ ಹೊತ್ತಿಗೆ ಈ ಕೆಲಸಕ್ಕೆ ಇಳಿದ್ರು. 1910ರಲ್ಲಿ ನಾಯಿ ತರಬೇತಿ ಬಗ್ಗೆ ಪುಸ್ತಕ ಬರೆದ್ರು. ಆಮೇಲೆ ಸೇನೆಯ ನಾಯಿಗಳಿಗೂ ಇದೇ ದಾರಿ.

ಮೋಸ್ಟ್ ದಡ್ಡರಲ್ಲ. ನಾಯಿ ಮನುಷ್ಯರ ಥರ ಯೋಚನೆ ಮಾಡಿ ಕಲಿಯಲ್ಲ, ತಾನು ಮಾಡಿದ್ದರ ಫಲ ಒಳ್ಳೇದಾ ಕೆಟ್ಟದ್ದಾ ಅನ್ನೋದರಿಂದ ಕಲಿಯುತ್ತೆ ಅಂತ ಆ ಕಾಲಕ್ಕೇ ಅರ್ಥ ಮಾಡಿಕೊಂಡಿದ್ರು. ಮುಂದೆ ಮನಃಶಾಸ್ತ್ರ ಹೇಳಿದ್ದೂ ಇದನ್ನೇ. ಆದ್ರೆ ಅವರ ಪದ್ಧತಿಯಲ್ಲಿ ‘ಕೆಟ್ಟ ಫಲ’ ಅಂದ್ರೆ ಮುಳ್ಳಿನ ಬೆಲ್ಟು, ಜಗ್ಗೋ ಹಗ್ಗ, ಬೆತ್ತ. ಮನುಷ್ಯ–ನಾಯಿ ನಡುವೆ ಯಾರು ಮೇಲು ಅನ್ನೋದು ಬಲದಿಂದಲೇ ತೀರ್ಮಾನ ಆಗ್ಬೇಕು ಅನ್ನೋ ನಂಬಿಕೆಯೂ ಅದರಲ್ಲಿತ್ತು.

ಆ ಕಾಲ, ಆ ಜಾಗ ನೆನಪಿಟ್ಟುಕೊಳ್ಳಿ. ಸೈನಿಕರಿಗೇ ಏಟು ಕೊಟ್ಟು ಶಿಸ್ತು ಕಲಿಸ್ತಿದ್ದ ಕಾಲ ಅದು. ಸ್ಕೂಲಲ್ಲಿ ಮಕ್ಕಳಿಗೂ ಬೆತ್ತವೇ ಪಾಠ. ನಾಯಿಗೆ ಬೇರೆ ನ್ಯಾಯ ಇರುತ್ತಾ?

ಎರಡು ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ನಾಯಿ ಪಳಗಿಸಿದವರು ಊರಿಗೆ ಬಂದು ತರಬೇತಿ ಕ್ಲಾಸ್ ತೆಗೆದ್ರು. ಯುದ್ಧದ ನಾಯಿಗೆ ಮಾಡಿದ ಪದ್ಧತಿ ಮನೆ ನಾಯಿಗೂ ಬಂತು. ಅಮೆರಿಕದಲ್ಲಿ ಸೇನೆಗೂ, ಡಿಸ್ನಿ ಸಿನಿಮಾಗಳಿಗೂ ನಾಯಿ ಪಳಗಿಸಿದ್ದ ವಿಲಿಯಂ ಕೋಹ್ಲರ್ 1962ರಲ್ಲಿ ಬರೆದ ಪುಸ್ತಕ ಲಕ್ಷಾಂತರ ಜನರ ಕೈ ಸೇರ್ತು. ಅದರ ಮುಖ್ಯ ಸಾಧನ ಎಳೆದ್ರೆ ಕತ್ತು ಬಿಗಿಯೋ ಚೈನು. ನಮ್ಮ ಪೆಟ್ ಶಾಪ್‌ಗಳಲ್ಲಿ ಇವತ್ತಿಗೂ ನೇತು ಹಾಕಿರ್ತಾರಲ್ಲ, ಅದೇ.

ಇಲ್ಲೀವರೆಗೆ ‘ಆಲ್ಫಾ’ ಅನ್ನೋ ಪದ ಬಂದಿಲ್ಲ ನೋಡಿ. ಹೊಡೆಯೋ ಅಭ್ಯಾಸ ಮೊದಲೇ ಇತ್ತು. ಅದಕ್ಕೊಂದು ವಿಜ್ಞಾನದ ಕೋಟು ಬೇಕಿತ್ತು. ಅದನ್ನ ಹೊಲಿದು ಕೊಟ್ಟಿದ್ದು ಒಂದು ಮೃಗಾಲಯ.

ಭಾಗ 4/10: ಬಾಸೆಲ್ ಮೃಗಾಲಯದ ಬೇಲಿಯೊಳಗೆ

ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಪ್ರಾಣಿ ವರ್ತನಾ ತಜ್ಞ. ಬಾಸೆಲ್ ನಗರದ ಮೃಗಾಲಯದಲ್ಲಿದ್ದ ತೋಳಗಳನ್ನ ವರ್ಷಗಟ್ಟಲೆ ನೋಡಿ 1947ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ್ರು. ತೋಳದ ಕಿವಿ, ಬಾಲ, ತುಟಿ, ನಿಂತ ಭಂಗಿ ಏನೇನು ಹೇಳುತ್ತೆ ಅಂತ ಅಷ್ಟು ಸೂಕ್ಷ್ಮವಾಗಿ ಅದಕ್ಕೆ ಮುಂಚೆ ಬರೆದೋರು ಕಡಿಮೆ. ಆ ಮಟ್ಟಿಗೆ ಅದು ಒಳ್ಳೇ ಕೆಲಸ.

ಶೆಂಕೆಲ್ ಕಂಡಿದ್ದೇನು? ಗುಂಪಲ್ಲಿ ಸದಾ ಜಗಳ. ಗಂಡುಗಳ ನಡುವೆ ಒಂದು ಪೈಪೋಟಿ, ಹೆಣ್ಣುಗಳ ನಡುವೆ ಇನ್ನೊಂದು. ಗೆದ್ದ ಜೋಡಿ ಮೇಲೆ, ಉಳಿದವು ಕೆಳಗೆ. ಆ ಮೇಲಿನ ಜೋಡಿಗೆ ‘ಆಲ್ಫಾ’ ಅನ್ನೋ ಗ್ರೀಕ್ ಅಕ್ಷರದ ಹೆಸರು ಅಂಟಿಕೊಳ್ತು.

ಈಗ ನಮ್ಮ ಮೂರನೇ ಪ್ರಶ್ನೆ: ಆಧಾರ ಎಂಥದ್ದು?

ಅವು ಕಾಡಿನ ತೋಳಗಳಲ್ಲ, ಬೇಲಿಯೊಳಗಿನವು. ಹತ್ತರವರೆಗೂ ತೋಳಗಳು ಇದ್ದ ಜಾಗ ಸುಮಾರು 10 ಮೀಟರ್ ಅಗಲ, 20 ಮೀಟರ್ ಉದ್ದ. ನಮ್ಮ ಕಾಲೇಜಿನ ವಾಲಿಬಾಲ್ ಕೋರ್ಟು 9 ಮೀಟರ್ ಅಗಲ, 18 ಮೀಟರ್ ಉದ್ದ. ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಾಡೋ ಪ್ರಾಣಿಗೆ ವಾಲಿಬಾಲ್ ಕೋರ್ಟು!

ಇನ್ನೊಂದು ವಿಷಯ. ಕಾಡಲ್ಲಿ ಜಗಳ ಬಂದ್ರೆ, ಇಲ್ಲಾ ವಯಸ್ಸಿಗೆ ಬಂದ್ರೆ, ತೋಳ ಗುಂಪು ಬಿಟ್ಟು ತನ್ನ ದಾರಿ ಹಿಡಿಯುತ್ತೆ. ಮೃಗಾಲಯದಲ್ಲಿ ಹೋಗೋಕೆ ದಾರಿಯೇ ಇಲ್ಲ. ಸೋತೋನು ಗೆದ್ದೋನ ಕಣ್ಣೆದುರೇ ದಿನಾ ಬದುಕ್ಬೇಕು.

ಹತ್ತು ಜನ ಅಪರಿಚಿತರನ್ನ ಒಂದು ರೂಮಲ್ಲಿ ವರ್ಷಗಟ್ಟಲೆ ಕೂಡಿಹಾಕಿ, ಅವರ ಜಗಳ ನೋಡಿ ‘ಮನುಷ್ಯರ ಕುಟುಂಬ ಅಂದ್ರೆ ಹೀಗೆ’ ಅಂತ ಬರೆದ್ರೆ ಹೇಗಿರುತ್ತೆ? ಶೆಂಕೆಲ್ ನೋಡಿದ್ದು ಸುಳ್ಳಲ್ಲ. ಬೇಲಿಯೊಳಗೆ ಕಂಡಿದ್ದನ್ನ ಎಲ್ಲಾ ತೋಳಗಳಿಗೂ, ಅಲ್ಲಿಂದ ಎಲ್ಲಾ ನಾಯಿಗಳಿಗೂ ಎಳೆದಿದ್ದು ಆಮೇಲಿನ ಕಥೆ.

ಭಾಗ 5/10: ಪುಸ್ತಕ, ಮಠ, ಟಿವಿ

ಪ್ರಬಂಧ ಜರ್ಮನ್ ಭಾಷೆಯಲ್ಲಿತ್ತು, ಓದಿದ್ದು ತಜ್ಞರು. ಜನರ ಬಾಯಿಗೆ ಬರೋಕೆ ಮೂರು ಮೆಟ್ಟಿಲು ಬೇಕಾಯ್ತು.

ಮೊದಲ ಮೆಟ್ಟಿಲು: ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್. 1958ರಿಂದ ಐಲ್ ರಾಯಲ್ ದ್ವೀಪದಲ್ಲಿ ತೋಳಗಳ ಅಧ್ಯಯನ ಮಾಡಿದ್ದ ಅವರು 1970ರಲ್ಲಿ ‘ದಿ ವೂಲ್ಫ್’ ಅನ್ನೋ ಪುಸ್ತಕ ತಂದ್ರು. ಅಲ್ಲೀವರೆಗೆ ತೋಳದ ಬಗ್ಗೆ ಗೊತ್ತಿದ್ದನ್ನೆಲ್ಲ ಒಂದೆಡೆ ಕೂಡಿಸಿದ ಪುಸ್ತಕ. ಆಗ ಇದ್ದ ಮುಖ್ಯ ಆಧಾರ ಶೆಂಕೆಲ್ ಥರದವರ ಕೆಲಸವೇ. ಹಾಗಾಗಿ ‘ಆಲ್ಫಾ’ನೂ ಒಳಗೆ ಬಂತು. ಪುಸ್ತಕ ದಶಕಗಟ್ಟಲೆ ಮಾರಾಟ ಆಯ್ತು.

ಎರಡನೇ ಮೆಟ್ಟಿಲು: ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಅನ್ನೋ ಕ್ರೈಸ್ತ ಮಠ. ಅಲ್ಲಿನ ಸನ್ಯಾಸಿಗಳು ಜರ್ಮನ್ ಶೆಫರ್ಡ್ ಸಾಕಿ, ತರಬೇತಿ ಕೊಟ್ಟು ಜೀವನ ನಡೆಸ್ತಿದ್ರು. 1978ರಲ್ಲಿ ಅವರು ಬರೆದ ಪುಸ್ತಕದಲ್ಲಿ ನಾಯಿ ಮೇಲೆ ಪ್ರೀತಿ ತುಂಬಾನೇ ಇದೆ. ಜೊತೆಗೆ ‘ಆಲ್ಫಾ ರೋಲ್’ ಕೂಡ ಇತ್ತು: ತಪ್ಪು ಮಾಡಿದ ನಾಯಿಯನ್ನ ಅಂಗಾತ ಉರುಳಿಸಿ ಒತ್ತಿ ಹಿಡಿಯೋದು. ತೋಳಗಳು ಹೀಗೇ ಮಾಡ್ತಾವೆ ಅನ್ನೋ ನಂಬಿಕೆ ಅದಕ್ಕೆ ಕಾರಣ.

ಆದ್ರೆ ತೋಳಗಳು ಹಾಗೆ ಮಾಡಲ್ಲ. ಕೆಳಗಿನ ತೋಳ ತಾನಾಗೇ ಹೊಟ್ಟೆ ತೋರಿಸಿ ಮಲಗುತ್ತೆ, ‘ಜಗಳ ಬೇಡ’ ಅನ್ನೋ ಥರ. ಯಾರೂ ಕೆಡವಲ್ಲ. ಬಲವಂತವಾಗಿ ಕೆಡವಿ ಕತ್ತಿನ ಹತ್ತಿರ ಕೈ ಇಟ್ರೆ ನಾಯಿಗೆ ಅನ್ಸೋದು ಒಂದೇ: ನನ್ನ ಕಥೆ ಮುಗೀತು. ಮಠದವರು 2002ರ ಪರಿಷ್ಕೃತ ಆವೃತ್ತಿಯಲ್ಲಿ ಈ ಸಲಹೆಯನ್ನ ಕೈಬಿಟ್ರು. ಅಷ್ಟೊತ್ತಿಗೆ 24 ವರ್ಷ ಕಳೆದಿತ್ತು.

ಮೂರನೇ ಮೆಟ್ಟಿಲು ಟಿವಿ. 2004ರಿಂದ 2012ರವರೆಗೆ ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್‌ನಲ್ಲಿ ಬಂದ ಸೀಸರ್ ಮಿಲಾನ್ ಅವರ ‘ಡಾಗ್ ವಿಸ್ಪರರ್’ ಕಾರ್ಯಕ್ರಮ ‘ನೀನೇ ಗುಂಪಿನ ನಾಯಕ’ ಅನ್ನೋ ಮಾತನ್ನ ಪ್ರಪಂಚದ ಮನೆಮನೆಗೂ ತಲುಪಿಸ್ತು. ಅರ್ಧ ಗಂಟೆಯಲ್ಲಿ ಗುರ್ ಅನ್ನೋ ನಾಯಿ ಸುಮ್ಮನಾಗೋದು ನೋಡೋಕೆ ರೋಚಕ. ಇವತ್ತಿನ 30 ಸೆಕೆಂಡಿನ ರೀಲ್ ಅದರ ಮರಿ.

ಭಾಗ 6/10: ‘ನಾನು ಬರೆದಿದ್ದು ನಿಲ್ಲಿಸಿ’

1986. ಅದೇ ಡೇವಿಡ್ ಮೀಚ್ ಕೆನಡಾದ ಉತ್ತರ ತುದಿಯ ಎಲ್ಸ್‌ಮೀರ್ ದ್ವೀಪಕ್ಕೆ ಹೋಗ್ತಾರೆ. ಅಲ್ಲಿನ ಬಿಳಿ ತೋಳಗಳನ್ನ ಬೇಟೆಯಾಡಿ ಹೆದರಿಸಿದವರು ಯಾರೂ ಇರಲಿಲ್ಲ. ಹಾಗಾಗಿ ಮನುಷ್ಯರನ್ನ ಕಂಡ್ರೆ ಓಡಲ್ಲ. ಮೀಚ್ ಬೇಸಿಗೆಯಿಂದ ಬೇಸಿಗೆಗೆ ಹೋಗಿ, ಗುಹೆ ಹತ್ತಿರವೇ ಕೂತು ಒಂದೇ ಗುಂಪನ್ನ ನೋಡ್ತಾ ಬಂದ್ರು.

ಅಲ್ಲಿ ಕಂಡಿದ್ದು ಸಿಂಹಾಸನದ ಜಗಳ ಅಲ್ಲ. ಒಂದು ಅಪ್ಪ, ಒಂದು ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಅಕ್ಕ–ಅಣ್ಣಂದಿರು. ಅಷ್ಟೇ. ಗುಂಪು ಅಂದ್ರೆ ಒಂದು ಸಂಸಾರ. ಅಪ್ಪ–ಅಮ್ಮ ಮುಂದಾಳುಗಳಾಗಿದ್ದು ಕುಸ್ತಿ ಗೆದ್ದಲ್ಲ, ಮರಿ ಹಾಕಿ. ಊಟ ಕಡಿಮೆ ಇದ್ರೆ ಮರಿಗಳಿಗೆ ಮೊದಲು ಸಿಗೋ ಹಾಗೆ ನೋಡಿಕೊಳ್ತಿದ್ವು. ದೊಡ್ಡವಾದ ಮಕ್ಕಳು ಒಂದರಿಂದ ಮೂರು ವರ್ಷದೊಳಗೆ ಮನೆ ಬಿಟ್ಟು, ಜೋಡಿ ಹುಡುಕಿ, ತಮ್ಮದೇ ಸಂಸಾರ ಹೂಡ್ತಿದ್ವು.

1999ರಲ್ಲಿ ಮೀಚ್ ಇದನ್ನ ಕೆನಡಾದ ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಬರೆದ್ರು. ಕಾಡಿನ ಗುಂಪಿನ ಮುಂದಾಳನ್ನ ‘ಆಲ್ಫಾ’ ಅನ್ನೋದು ಮನುಷ್ಯರ ಮನೆಯ ತಂದೆತಾಯಿಯನ್ನ ಹಾಗೆ ಕರೆದಷ್ಟೇ ಅಸಂಬದ್ಧ ಅನ್ನೋದು ಅವರ ವಾದ. ‘ತಂದೆ’, ‘ತಾಯಿ’ ಅಂದ್ರೆ ಸಾಕು. ತಮ್ಮ 1970ರ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನ ಮತ್ತೆ ಮತ್ತೆ ಕೇಳಿಕೊಂಡ್ರು. ಪುಸ್ತಕ ಮಾತ್ರ ವರ್ಷಗಟ್ಟಲೆ ಮಾರಾಟ ಆಗ್ತಾನೇ ಇತ್ತು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪಾಠ ಇದೆ. ಒಂದು ಮಾತು ಹುಟ್ಟಿದ ದಿನಾಂಕ ಹುಡುಕೋದು ಸುಲಭ. ಅದು ಸತ್ತ ದಿನಾಂಕ ಹುಡುಕೋದು ಕಷ್ಟ, ಯಾಕಂದ್ರೆ ವಿಜ್ಞಾನದಲ್ಲಿ ಸತ್ತ ಮೇಲೂ ಜನರ ಬಾಯಲ್ಲಿ ಬದುಕಿರುತ್ತೆ.

ಇನ್ನು ನಾಯಿಗೂ ತೋಳಕ್ಕೂ ಬೇರ್ಪಟ್ಟು ಕನಿಷ್ಠ 14,000 ವರ್ಷ ಆಯ್ತು. ನಮ್ಮ ಬೀದಿನಾಯಿಗಳನ್ನೇ ನೋಡಿ. ಒಂದೊಂದು ಸಲ ಗುಂಪು, ಒಂದೊಂದು ಸಲ ಒಂಟಿ. ಬೇಟೆಗಿಂತ ಕಸದ ತೊಟ್ಟಿ, ಹೋಟೆಲ್ ಹಿಂಬಾಗಿಲು. ಇವು ತೋಳದ ಬದುಕು ಬಿಟ್ಟು ಎಷ್ಟೋ ಕಾಲ ಆಗಿದೆ.

ಭಾಗ 7/10: ಅದೇ ಕಾಲದ ಇನ್ನೊಂದು ದಾರಿ

‘ಹಾಗಾದ್ರೆ ನಾಯಿಗೆ ಕಲಿಸೋದೇ ಬೇಡ್ವಾ?’ ಅಂತ ಕೇಳ್ತೀರಿ. ಕಲಿಸ್ಬೇಕು. ಹೊಡೆಯದೆ ಕಲಿಸೋ ದಾರಿಯೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ ಬೆಳೀತು. ಅದರ ಸದ್ದು ಕಡಿಮೆ ಇತ್ತು ಅಷ್ಟೇ.

1898: ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನ ಚಿಲಕದ ಪೆಟ್ಟಿಗೆಯೊಳಗಿಟ್ಟು ನೋಡಿದ್ರು. ಯಾವ ಕೆಲಸದಿಂದ ಬಾಗಿಲು ತೆಗೆದು ಮೀನು ಸಿಗುತ್ತೋ ಆ ಕೆಲಸವನ್ನ ಬೆಕ್ಕು ದಿನದಿನಕ್ಕೂ ಬೇಗ ಮಾಡ್ತು.

ರಷ್ಯಾದಲ್ಲಿ ಇವಾನ್ ಪಾವ್ಲೋವ್. 1904ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಹೆಸರು ಉಳಿದಿದ್ದು ಮಾತ್ರ ನಾಯಿಯ ಜೊಲ್ಲಿನಿಂದ. ಊಟಕ್ಕೆ ಮುಂಚೆ ಒಂದು ಸದ್ದು ಕೇಳ್ತಾ ಕೇಳ್ತಾ, ಆ ಸದ್ದಿಗೇ ಜೊಲ್ಲು ಸುರಿಯೋಕೆ ಶುರು. ಚೈನು ತೆಗೆದ ಸದ್ದಿಗೆ ನಿಮ್ಮ ನಾಯಿ ಕುಣಿಯೋದು ಇದೇ ಲೆಕ್ಕ.

ಬಿ. ಎಫ್. ಸ್ಕಿನ್ನರ್ 1938ರ ಪುಸ್ತಕದಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ರು. 1951ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನದಲ್ಲಿ, ಟಿಕ್ ಅನ್ನೋ ಮಕ್ಕಳ ಆಟಿಕೆ ಇಟ್ಟುಕೊಂಡು ನಾಯಿಗೆ ಕಲಿಸೋದು ಹೇಗೆ ಅಂತ ವಿವರಿಸಿದ್ರು. ನಾಯಿ ಸರಿ ಮಾಡಿದ ಕ್ಷಣದಲ್ಲೇ ಟಿಕ್, ಹಿಂದೆಯೇ ತಿಂಡಿ.

ಸ್ಕಿನ್ನರ್ ಶಿಷ್ಯರಾದ ಮೇರಿಯನ್ ಮತ್ತು ಕೆಲರ್ ಬ್ರೆಲಂಡ್ ದಂಪತಿ 1947ರಲ್ಲಿ ಪ್ರಾಣಿ ತರಬೇತಿಯ ಕಂಪನಿಯನ್ನೇ ತೆಗೆದ್ರು. ಗಮನಿಸಿ, ಶೆಂಕೆಲ್ ಪ್ರಬಂಧ ಬಂದ ವರ್ಷವೂ 1947. ಕೋಳಿ, ಹಂದಿ, ರಕೂನ್ ಸೇರಿ ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿಗಳಿಗೆ ಅವರ ಕಂಪನಿ ಕಲಿಸ್ತು. 1961ರಲ್ಲಿ ಅವರೇ ಒಂದು ಎಚ್ಚರಿಕೆಯನ್ನೂ ಬರೆದ್ರು: ಪ್ರತಿ ಪ್ರಾಣಿಗೂ ಅದರದೇ ಸ್ವಭಾವ ಇದೆ, ತಿಂಡಿ ಕೊಟ್ಟು ಅದನ್ನ ಅಳಿಸೋಕಾಗಲ್ಲ.

1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸ್ತಿದ್ರು. ಡಾಲ್ಫಿನ್‌ಗೆ ಬೆಲ್ಟು ಹಾಕೋಕಾಗಲ್ಲ, ಚೈನು ಜಗ್ಗೋಕಾಗಲ್ಲ. ಬೇಜಾರಾದ್ರೆ ಈಜಿಕೊಂಡು ಆ ಕಡೆ ಹೋಗ್ಬಿಡುತ್ತೆ. ಹಾಗಾಗಿ ಸೀಟಿ, ಮೀನು, ತಾಳ್ಮೆ ಮೂರೇ ದಾರಿ. 1984ರ ತಮ್ಮ ಪುಸ್ತಕದಲ್ಲಿ ಅವರು ಅದೇ ಪದ್ಧತಿಯನ್ನ ಸಾಮಾನ್ಯ ಜನರ ಕೈಗೂ ಕೊಟ್ರು.

ಭಾಗ 8/10: ಲೆಕ್ಕ ಏನು ಹೇಳುತ್ತೆ?

ಎರಡು ದಾರಿ ಇದ್ರೆ ಹೋಲಿಸಿ ನೋಡ್ಬೇಕಲ್ವಾ? ನೋಡಿದ್ದಾರೆ.

2009, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ನಾಯಿಯ ವರ್ತನೆ ಸಮಸ್ಯೆ ಅಂತ ಪಶುವೈದ್ಯರ ಹತ್ತಿರ ಬಂದ 140 ಮಾಲೀಕರನ್ನ ಕೇಳಿದ್ರು: ಏನೇನು ಮಾಡಿದ್ರಿ? ಅದಕ್ಕೆ ನಾಯಿ ಏನು ಮಾಡ್ತು? ಹೊಡೆದವರಲ್ಲಿ, ಒದ್ದವರಲ್ಲಿ ಶೇ. 43ರಷ್ಟು ಜನರ ನಾಯಿ ತಿರುಗಿಬಿತ್ತು. ಬಾಯಲ್ಲಿದ್ದ ವಸ್ತುವನ್ನ ಬಲವಂತವಾಗಿ ಕಿತ್ತುಕೊಂಡವರಲ್ಲಿ ಶೇ. 39. ಆಲ್ಫಾ ರೋಲ್ ಮಾಡಿದವರಲ್ಲಿ ಶೇ. 31. ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಿದವರಲ್ಲಿ ಶೇ. 30.

ಇವು ಮೊದಲೇ ಸಮಸ್ಯೆ ಇದ್ದ ನಾಯಿಗಳು ಅನ್ನೋದನ್ನ ಮರೀಬಾರದು. ಎಲ್ಲಾ ನಾಯಿಗೂ ಇದೇ ಅಂಕಿ ಅಂತಲ್ಲ. ಆದ್ರೆ ‘ಗುರ್ ಅನ್ನೋ ನಾಯಿಗೆ ಬಲ ತೋರಿಸಿದ್ರೆ ಸರಿಹೋಗುತ್ತೆ’ ಅನ್ನೋ ಮಾತಿಗೆ ಇದು ನೇರ ಉತ್ತರ. ಅದಕ್ಕೂ ಒಂದು ವರ್ಷ ಮುಂಚೆ, 2008ರಲ್ಲಿ, ಅಮೆರಿಕದ ಪ್ರಾಣಿ ವರ್ತನಾ ಪಶುವೈದ್ಯರ ಸಂಘ ಯಜಮಾನಿಕೆ ಸಿದ್ಧಾಂತದ ಮೇಲೆ ತರಬೇತಿ ಕೊಡೋದನ್ನ ವಿರೋಧಿಸಿ ಹೇಳಿಕೆಯನ್ನೂ ಕೊಟ್ಟಿತ್ತು.

2020, ಪೋರ್ಚುಗಲ್‌ನ ಪೋರ್ಟೊ. ತರಬೇತಿ ಶಾಲೆಗಳಿಗೆ ಬರ್ತಿದ್ದ 92 ಮನೆ ನಾಯಿಗಳನ್ನ ಗಮನಿಸಿದ್ರು. ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಅಳೆದ್ರು. ಜಗ್ಗೋದು, ಗದರೋದು ಜಾಸ್ತಿ ಇದ್ದ ಶಾಲೆಯ ನಾಯಿಗಳಲ್ಲಿ ತುಟಿ ನೆಕ್ಕೋದು, ಆಕಳಿಕೆ, ಮೈ ಮುದುರೋದು ಜಾಸ್ತಿ. ತರಬೇತಿ ಆದ ಮೇಲೆ ಹಾರ್ಮೋನೂ ಜಾಸ್ತಿ.

ನಮ್ಮ ದೇಶದ ಲೆಕ್ಕವೂ ಇದೆ. ಕೋಲ್ಕತ್ತಾದ ಐಸರ್‌ನಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳನ್ನ ವರ್ಷಗಳಿಂದ ಅಧ್ಯಯನ ಮಾಡ್ತಿದೆ. 2017ರಲ್ಲಿ ಅವರು ಪ್ರಕಟಿಸಿದ್ದು: ಅಪರಿಚಿತ ವ್ಯಕ್ತಿ ಮತ್ತೆ ಮತ್ತೆ ಬಂದಾಗ ಬೀದಿನಾಯಿಗಳು ಹೆಚ್ಚು ನಂಬಿದ್ದು ಊಟ ಹಾಕಿದವರನ್ನಲ್ಲ, ತಲೆ ಸವರಿದವರನ್ನ. ದಿನಾ ಕಲ್ಲೇಟು ತಿನ್ನೋ ನಾಯಿಗಳು ಕೂಡ!

ಸಿಂಹಾಸನದ ಆಸೆ ಇರೋ ಪ್ರಾಣಿ ಹೀಗಿರುತ್ತಾ ಹೇಳಿ.

ಭಾಗ 9/10: ಮರಿಗೆ ಇರೋ ಸಮಯ ಕಡಿಮೆ

ಯಜಮಾನಿಕೆ ತೋರಿಸೋ ಗಲಾಟೆಯಲ್ಲಿ ನಿಜವಾಗಿ ಮುಖ್ಯವಾದ ಒಂದು ಸಂಶೋಧನೆ ನಮ್ಮ ಮನೆಗಳಿಗೆ ತಲುಪಲೇ ಇಲ್ಲ.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ಮರಿಗಳನ್ನ ಹದಿಮೂರು ವರ್ಷ ಅಧ್ಯಯನ ಮಾಡಿದ್ರು. ಪುಸ್ತಕ ಬಂದಿದ್ದು 1965ರಲ್ಲಿ. ಅವರು ಕಂಡಿದ್ದು: ಮರಿಗೆ ಸುಮಾರು 3ರಿಂದ 12 ವಾರದ ನಡುವೆ ಒಂದು ಬಾಗಿಲು ತೆರೆದಿರುತ್ತೆ. ಆಗ ಕಂಡ ಮನುಷ್ಯರು, ಸದ್ದು, ಪ್ರಾಣಿಗಳು ಜೀವನಪೂರ್ತಿ ‘ನಮ್ಮೋರು’. ಆಮೇಲೆ ಆ ಬಾಗಿಲು ನಿಧಾನಕ್ಕೆ ಮುಚ್ಚಿಕೊಳ್ಳುತ್ತೆ. 1961ರಲ್ಲಿ ಅದೇ ಪ್ರಯೋಗಾಲಯದ ಇನ್ನೊಂದು ಅಧ್ಯಯನದಲ್ಲಿ, 14 ವಾರದವರೆಗೂ ಮನುಷ್ಯರ ಸಂಪರ್ಕ ಇಲ್ಲದೆ ಬೆಳೆದ ಮರಿಗಳು ಹೆಚ್ಚುಕಡಿಮೆ ಕಾಡುಪ್ರಾಣಿ ಥರ ಆಗಿದ್ವು.

ಇದನ್ನ ಓದಿ, 1980ರ ದಶಕದ ಶುರುವಲ್ಲಿ ಪಶುವೈದ್ಯ ಇಯಾನ್ ಡನ್‌ಬಾರ್ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೇ ಅಂತ ಕ್ಲಾಸ್ ತೆಗೆದ್ರು. ಚೈನಿಲ್ಲ, ಆಟ, ತಿಂಡಿ. ಅಲ್ಲೀವರೆಗೆ ಆರು ತಿಂಗಳು ಆಗೋವರೆಗೂ ತರಬೇತಿ ಬೇಡ ಅನ್ನೋದು ವಾಡಿಕೆ. ಕತ್ತು ಜಗ್ಗೋ ಪದ್ಧತಿಗೆ ಮರಿಯ ಕತ್ತು ತಡೆಯಲ್ಲ ಅನ್ನೋದೂ ಅದಕ್ಕೆ ಒಂದು ಕಾರಣ!

ನಮ್ಮಲ್ಲಿ ಏನಾಗುತ್ತೆ? ಒಂದು ತಿಂಗಳ ಮರಿಯನ್ನ ತಾಯಿಂದ ಬಿಡಿಸಿ ಮಾರ್ತಾರೆ. ತಾಯಿ, ಒಡಹುಟ್ಟಿದೋರ ಜೊತೆ ಆಡ್ತಾ ‘ಎಷ್ಟು ಕಚ್ಚಿದ್ರೆ ನೋವಾಗುತ್ತೆ’ ಅಂತ ಕಲಿಯೋ ಕಾಲ ಅದು. ಆಮೇಲೆ ಮರಿ ಮೂರು ತಿಂಗಳು ಬಾಲ್ಕನಿಯಲ್ಲಿ. ದೊಡ್ಡದಾದ ಮೇಲೆ ಬೈಕಿಗೆ, ಮಕ್ಕಳಿಗೆ, ಗ್ಯಾಸ್ ಸಿಲಿಂಡರ್ ತರೋರಿಗೆ ಹೆದರಿ ಬೊಗಳುತ್ತೆ. ‘ಸೊಕ್ಕು ಜಾಸ್ತಿ’ ಅಂತೀವಿ. ಅದು ಸೊಕ್ಕಲ್ಲ, ಭಯ.

ಏನು ಮಾಡ್ಬಹುದು? ಮರಿ ತಗೊಳ್ಳೋದಾದ್ರೆ ಎಂಟು ವಾರ ಆಗಲಿ. ಮೊದಲ ಲಸಿಕೆಗಳ ಬಗ್ಗೆ ಪಶುವೈದ್ಯರನ್ನ ಕೇಳಿ, ಅವರ ಸಲಹೆ ಪ್ರಕಾರ ಪೂರ್ತಿ ಹಾಕಿಸಿ. ಅಲ್ಲೀವರೆಗೆ ಕಸದ ಜಾಗ, ಬೀದಿ ನೆಲಕ್ಕೆ ಬಿಡದೆ, ಎತ್ತಿಕೊಂಡೇ ಪ್ರಪಂಚ ತೋರಿಸಿ. ಛತ್ರಿ, ಹೆಲ್ಮೆಟ್, ಅಜ್ಜಿ, ಆಟೋ, ಮಿಕ್ಸಿ ಸದ್ದು, ಎಲ್ಲವೂ ದೂರದಿಂದ, ಸ್ವಲ್ಪ ಸ್ವಲ್ಪ, ಜೊತೆಗೊಂದು ತಿಂಡಿ.

ಭಾಗ 10/10: ಮನೆಯಲ್ಲಿ ನಾಳೆಯಿಂದ

ಇತಿಹಾಸ ಓದಿಯಾಯ್ತು. ಈಗ ಉಪಯೋಗ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

👉 ಗುರ್ ಅಂದ್ರೆ ಹೊಡೀಬೇಡಿ. ಗುರ್ ಅನ್ನೋದು ‘ಸಾಕು, ದೂರ ಹೋಗು’ ಅನ್ನೋ ಮಾತು. ಹೊಡೆದ್ರೆ ಆ ಮಾತು ನಿಲ್ಲುತ್ತೆ, ಭಯ ನಿಲ್ಲಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೇ ಕಚ್ಚುತ್ತೆ. ನೀವು ಹಿಂದೆ ಸರೀರಿ, ಕಾರಣ ಹುಡುಕಿ.

👉 ಗುರ್‌ಗೂ ಮುಂಚಿನ ಮಾತು ಕಲೀರಿ. ಮುಖ ತಿರುಗಿಸೋದು, ಸುಮ್ಮಸುಮ್ಮನೆ ತುಟಿ ನೆಕ್ಕೋದು, ನಿದ್ದೆ ಇಲ್ಲದೆ ಆಕಳಿಸೋದು, ಕಣ್ಣಿನ ಬಿಳಿ ಕಾಣೋದು, ಮೈ ಸೆಟೆದು ನಿಲ್ಲೋದು. ಬಾಲ ಅಲ್ಲಾಡಿಸಿದ್ರೆ ಖುಷಿ ಅಂತಲೇ ಅಲ್ಲ. ಮೈ ಸಡಿಲ ಇದೆಯಾ ನೋಡಿ.

👉 ಊಟದ ತಟ್ಟೆ ಕಿತ್ಕೋಬೇಡಿ. ತಿನ್ನುವಾಗ ದೂರದಿಂದ ಇನ್ನೊಂದು ಒಳ್ಳೇ ಚೂರು ಹಾಕಿ ಹೋಗಿ. ಬಾಯಲ್ಲಿ ಚಪ್ಪಲಿ ಇದ್ರೆ ಬದಲಿಗೆ ಬೇರೇನಾದ್ರೂ ಕೊಟ್ಟು ಬಿಡಿಸಿ. ಕೈ ಬಂದ್ರೆ ಲಾಭ ಅಂತ ಅದು ಕಲಿಯಲಿ.

👉 ಚೈನು ಎಳೆದ್ರೆ ನಿಂತುಬಿಡಿ. ಸಡಿಲ ಆದ ತಕ್ಷಣ ನಡೀರಿ. ಪಕ್ಕದಲ್ಲೇ ಬಂದ್ರೆ ಬೇಯಿಸಿದ ಕೋಳಿಯ ಸಣ್ಣ ಚೂರೋ, ಮೊಟ್ಟೆ ಚೂರೋ ಕೊಡಿ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ಮಾತ್ರ ಬೇಡ, ಅವು ನಾಯಿಗೆ ವಿಷ. ಕತ್ತು ಬಿಗಿಯೋ ಚೈನಿನ ಬದಲು ಎದೆಗೆ ಹಾಕೋ ಬೆಲ್ಟು ಒಳ್ಳೇದು.

👉 ಇದ್ದಕ್ಕಿದ್ದಂತೆ ಸಿಡುಕಿದ್ರೆ ಮೊದಲು ಪಶುವೈದ್ಯರ ಹತ್ತಿರ ಹೋಗಿ. ಕಿವಿ ನೋವು, ಹಲ್ಲು ನೋವು, ಕೀಲು ನೋವಿಗೆ ನಾಯಿ ಬೇರೆ ಹೇಗೆ ಹೇಳುತ್ತೆ?

👉 ಚಿಕ್ಕ ಮಕ್ಕಳನ್ನ ಮತ್ತು ನಾಯಿಯನ್ನ ಇಬ್ಬರನ್ನೇ ಬಿಟ್ಟು ಹೋಗಬೇಡಿ, ಎಷ್ಟೇ ಒಳ್ಳೇ ನಾಯಿ ಆಗಿರ್ಲಿ. ಕಚ್ಚಿದ್ರೆ ಗಾಯವನ್ನ ಸೋಪು, ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ.

ಇನ್ನೊಂದು. ದಿನವಿಡೀ ಗಿಡ್ಡ ಚೈನಲ್ಲಿ ಕಟ್ಟಿಹಾಕೋದು, ಹೊಡೆಯೋದು ಬರೀ ಕೆಟ್ಟ ತರಬೇತಿ ಅಲ್ಲ, ಕಾನೂನು ಪ್ರಕಾರ ಅಪರಾಧ. ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಹೋರಾಡಿದ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಆ ವರ್ಷವನ್ನೂ ನಿಮ್ಮ ನೋಟ್ಸ್‌ಗೆ ಸೇರಿಸ್ಕೊಳ್ಳಿ.

ಮುಂದಿನ ಸಲ ಯಾರಾದ್ರೂ ‘ಆಲ್ಫಾ ಆಗು’ ಅಂದ್ರೆ ಜಗಳ ಆಡ್ಬೇಡಿ. ‘ಯಾರು ಹೇಳಿದ್ದು ಅಂಕಲ್, ಯಾವಾಗ, ಯಾವ ತೋಳ ನೋಡಿ?’ ಅಂತ ಕೇಳಿ. ವಾಲಿಬಾಲ್ ಕೋರ್ಟಿನ ಕಥೆ ಹೇಳಿ. ತೋಳದ ಹೆಸರಲ್ಲೇ ಮಾತಾಡೋದಾದ್ರೆ, ಕಾಡಿನ ತೋಳ ಮರಿಗೆ ಮೊದಲು ಉಣ್ಣಿಸುತ್ತೆ ಅನ್ನೋದನ್ನೂ ಹೇಳಿ.

ನಾಯಿ ಬಗ್ಗೆ ನಿಮಗೆ ಯಾರೋ ಹೇಳಿಕೊಟ್ಟ, ಈಗ ಅನುಮಾನ ಬರ್ತಿರೋ ‘ನಿಯಮ’ ಯಾವುದು? ಕಾಮೆಂಟಲ್ಲಿ ಬರೀರಿ. ಮನೇಲಿ ಹೊಸ ಮರಿ ತಂದಿರೋ ಫ್ರೆಂಡ್‌ಗೆ 9ನೇ ಭಾಗ ಇವತ್ತೇ ಕಳಿಸಿ. ಅವರ ಮರಿಗೆ ವಾರಗಳು ಓಡ್ತಾ ಇವೆ.

#ಇತಿಹಾಸದಎಳೆ #ನಾಯಿಮಾತು #ಆತಕೂರುಶಾಸನ #ಕನ್ನಡದಲ್ಲಿಓದಿ